ಟಿವಿಗೆ ಬೆನ್ನು ಹಾಕಿ ಕೂತವರು

ಜಮಖಾನೆ ಕೊಳ್ಳುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯವನು ನಡುವಿನ ನವಿಲನ್ನು ತೋರಿಸುತ್ತಾನೆ. ನೀವು ನವಿಲನ್ನು ಬಿಟ್ಟು ಅಂಚನ್ನು ಹಿಡಿಯಿರಿ. ನಡುಮಧ್ಯೆ ಮಡಚಿ ಎರಡೂ ಅಂಚುಗಳನ್ನು ಒಂದರ ಮೇಲೊಂದು ಕೂಡಿಸಿ ನೋಡಿ. ಕೂಡಿದರೆ ಕೈ ಒಳ್ಳೆಯದು, ಹೆಚ್ಚು ಮಾತಾಡದೆ ಕೊಂಡುಕೊಳ್ಳಿ. ಒಂದು ಕಡೆ ಸಡಿಲಾಗಿದ್ದರೆ ಆ ಬದಿಗೆ ಕೂತವರ ಚಿತ್ತ ಬೇರೆಲ್ಲೋ ಇತ್ತು ಎಂದು ತಿಳಿದು ರೇಟು ಇಳಿಸಿ. ಇದನ್ನು ನನಗೆ ಕಲಿಸಿದವರು ಒಬ್ಬ ಮುದುಕಿ. ಕಲಿಸಿದ ದಿನ ನಾನು ಅವರ ಜಮಖಾನೆಯ ರೇಟನ್ನೇ ಇಳಿಸಲು ಹೋಗಿದ್ದೆ.

ಅವರು ಹೋದ ವರ್ಷ ಕಡಲೆ ಬಿತ್ತುವ ಹೊತ್ತಿಗೆ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ಜಮಖಾನೆಗೆ ಒಂದು ಚೀಟಿ ಕಟ್ಟಿ, ನೇಯ್ದವರ ಹೆಸರು ಹಾಕಿದರೆ ಗಿರಾಕಿ ಹೆಚ್ಚು ಕೊಡುತ್ತಾರೆ ಎಂದು ನಾನು ಒಮ್ಮೆ ಹೇಳಿದ್ದೆ. "ಹೆಸರು ಬ್ಯಾಡ್ರಿ," ಅಂದಿದ್ದರು. "ಹೆಸರು ಬರದ್ರ ಮಂದಿ ಮನಿ ಹುಡಿಕ್ಕೊಂಡು ಬರ್ತಾರ. ಬಂದವರಿಗೆಲ್ಲಾ ಚಾ ಮಾಡೂದು ಯಾರು, ನೀವು ಮಾಡ್ತೀರೇನು?" ಹಾಗಾಗಿ ಇಲ್ಲಿಯೂ ಅವರು ಖಾಲಾ, ಎಂದರೆ ಚಿಕ್ಕಮ್ಮ. ನಾನು ಹಾಗೇ ಕರೆಯುತ್ತಿದ್ದೆ, ಓಣಿಯವರೂ ಹಾಗೇ ಕರೆಯುತ್ತಿದ್ದರು. ಅವರು ನನ್ನನ್ನು ಸಾವ್ಕಾರ್ತಿ ಎನ್ನುತ್ತಿದ್ದರು. ಆಗ ನನ್ನ ಹತ್ತಿರ ಸಾಹುಕಾರಿಕೆ ಎಂಬುದೇನೂ ಇರಲಿಲ್ಲ, ಅದಕ್ಕೇ ಕರೆಯುತ್ತಿದ್ದರು.

ನಾನು ಶಲವಡಿಯವಳು. ಕುಬಸದ ಕಣಗಳನ್ನು, ಎಂದರೆ ರವಿಕೆ ಬಟ್ಟೆಗಳನ್ನು, ಗಂಟು ಕಟ್ಟಿಕೊಂಡು ಮೊರಬದವರೆಗೂ ಮನೆಮನೆ ತಿರುಗಿ ಮಾರಿದವಳು. ಆಮೇಲೆ ಜಮಖಾನೆಗೆ ಕೈ ಹಾಕಿದೆ. ಈಗ ಅಣ್ಣಿಗೇರಿಯಲ್ಲಿ ಅಂಗಡಿ ಇದೆ, ಬಾಗಿಲ ಮೇಲೆ ಬೋರ್ಡೂ ಇದೆ. ಮೊದಲ ಸಲ ನವಲಗುಂದದ ಆ ಓಣಿಗೆ ಹೋದಾಗ ಬೋರ್ಡೂ ಇರಲಿಲ್ಲ, ಬುದ್ಧಿಯೂ ಕಡಿಮೆ ಇತ್ತು. ಬಾಯಿ ಮಾತ್ರ ಜೋರಿತ್ತು.

ಮನೆ ಎಂದರೆ ಎರಡೇ ಖೋಲಿ. ಹೊರಗಿನದರಲ್ಲಿ ಒಂದು ಮಂಚ, ಗೋಡೆಯ ಗೂಡಿನಲ್ಲಿ ಟಿವಿ. ಒಳಗಿನದರಲ್ಲಿ ಮಗ್ಗ. ಆ ಮಗ್ಗ ಎದ್ದು ನಿಂತಿರುತ್ತದೆ. ಅದರ ಮುಂದೆ ಒಂದು ಹಲಗೆ, ಹಲಗೆಯ ಮೇಲೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ನೇಯುತ್ತಾರೆ, ಬಾಗಿಲಿಗೆ ಬೆನ್ನು ಹಾಕಿ. ಎರಡು ಖೋಲಿಗಳ ನಡುವಿನ ಬಾಗಿಲಿಗೆ ಹಗ್ಗ ಕಟ್ಟಿ ಒಂದು ಹಳೆಯ ಚಾದರ ಹಾಕಿದ್ದರು. ಹೊರಗಿನವರ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ ಆ ಚಾದರ ಸರ್ರನೆ ಸರಿದು ಬಾಗಿಲು ಮುಚ್ಚುತ್ತಿತ್ತು, ನೇಯುವ ಬಗೆ ಯಾರಿಗೂ ಕಾಣಬಾರದೆಂದು. ಇಪ್ಪತ್ತು ವರ್ಷ ವ್ಯವಹಾರ ಮಾಡಿದ್ದೇನೆ, ಆ ಮಗ್ಗ ನಡೆಯುವುದನ್ನು ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದೇನೆ. ಪಂಜಾ ಎಂದು ಒಂದು ಕಬ್ಬಿಣದ ಹಣಿಗೆ ಇರುತ್ತದೆ, ಕೈಯ ಬೆರಳುಗಳ ಹಾಗೆ. ನೂಲು ಹಾಕಿದ ಮೇಲೆ ಅದರಿಂದ ಬಡಿದು ಕೂಡಿಸಬೇಕು. ಆ ಸಪ್ಪಳ ಓಣಿಯ ತುದಿಗೇ ಕೇಳಿಸುತ್ತಿತ್ತು.

ಮೊದಲ ದಿನ ಒಂದು ಪಗಡೆ ಹಾಸನ್ನು ಹೊರಗೆ ಕೊಟ್ಟು ಖಾಲಾ ಒಳಗೆ ಹೋಗಿ ಕೂತರು. ನಡುವೆ ಪಗಡೆಯ ಮನೆಗಳು, ನಾಲ್ಕು ಮೂಲೆಗೆ ನವಿಲು. ನಾನು ರೇಟು ಕೇಳಿದೆ. ಚಾದರದ ಆಚೆಯಿಂದ ಉತ್ತರ ಬಂತು: "ನೀವ ಹೇಳ್ರಿ."

ಹೇಳಿದೆ. ಒಳಗೆ ಠಪ್, ಠಪ್. ಮಾತಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಸೇರಿಸಿ ಹೇಳಿದೆ. ಠಪ್, ಠಪ್. ಸಿಟ್ಟಾದರೇನೋ ಎಂದು ಮತ್ತಷ್ಟು ಸೇರಿಸಿದೆ. ಆಗ "ಚಾ ಕುಡೀರಿ" ಎಂದರು. ವ್ಯಾಪಾರ ಮುಗಿದಿತ್ತು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಾಗ ನನಗೆ ಗೊತ್ತಾಯಿತು, ಅವರು ಒಂದು ಮಾತೂ ಆಡದೆ ನಾನೇ ನನ್ನ ಕೂಡ ಚೌಕಾಶಿ ಮಾಡಿ ಸೋತಿದ್ದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುತ್ತೇನೆ: ಕೈಯಲ್ಲಿ ಕೆಲಸ ಇರುವವರ ಹತ್ತಿರ ಚೌಕಾಶಿಗೆ ಕೂರಬೇಡಿ. ಅವರಿಗೆ ಹೊತ್ತು ಹೋಗುತ್ತಿರುತ್ತದೆ, ನಿಮಗೆ ಹೋಗುವುದಿಲ್ಲ.

ಖಾಲಾನ ತೋರುಬೆರಳಿನ ಉಗುರಿನ ಮೇಲೆ ನೂಲು ಎಳೆದೆಳೆದು ಒಂದು ಗೆರೆ ಬಿದ್ದಿತ್ತು. ಬಣ್ಣದ ನೂಲು ತೊಳೆದ ದಿನ ತಲೆಯ ಮೇಲಿನ ಸೆರಗನ್ನು ಬೆರಳಿನಿಂದ ಮುಟ್ಟದೆ ಮಣಿಕಟ್ಟಿನಿಂದ ಸರಿಪಡಿಸಿಕೊಳ್ಳುತ್ತಿದ್ದರು. ಪಗಡೆಯ ಮನೆಗಳನ್ನು ಎಣಿಸುವುದು ಉರ್ದುವಿನಲ್ಲಿ, ಬಯ್ಯುವುದು ಕನ್ನಡದಲ್ಲಿ. ನಕ್ಕರೆ ಸಪ್ಪಳ ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ನಾನು ಇದನ್ನೆಲ್ಲ ನೋಡಿದ್ದು ಅವರು ಚಹಾಕ್ಕೆ ಹೊರಗೆ ಬಂದಾಗ. ಉಳಿದಂತೆ ಅವರು ನನಗೆ ಒಂದು ದನಿ.

ಅವರಿಗೂ ಜಗತ್ತು ಹೆಚ್ಚಾಗಿ ದನಿಯೇ ಆಗಿತ್ತು. ಅದು ನನಗೆ ಗೊತ್ತಾದದ್ದು ಧಾರಾವಾಹಿಯಿಂದ.

ಮೂರು ವರ್ಷದ ಹಿಂದಿನ ಮಾತು. ಯಾವುದೋ ದೇಶದ್ದನ್ನು ಕನ್ನಡಕ್ಕೆ ಮಾತು ಕೂಡಿಸಿ ತಂದಿದ್ದರು. ಒಂದು ಹಡಗು ಮುಳುಗಿ ಹದಿನಾಲ್ಕು ಮಂದಿ ಯಾರೂ ಇಲ್ಲದ ದ್ವೀಪಕ್ಕೆ ಬಂದು ಬೀಳುತ್ತಾರೆ. ಸುತ್ತ ಉಪ್ಪು ನೀರು, ಕುಡಿಯಲು ಹನಿಯಿಲ್ಲ. ಬದುಕಬೇಕು, ಗುಡ್ಡದ ಮೇಲೆ ಬೆಂಕಿ ಉರಿಸಿ ಹೋಗುವ ಹಡಗುಗಳಿಗೆ ತೋರಿಸಬೇಕು, ಅದರ ನಡುವೆ ಒಬ್ಬರಿಗೊಬ್ಬರು ಕಚ್ಚಾಡಬೇಕು. ಸಂಜೆ ಒಮ್ಮೆ ಬರುತ್ತಿತ್ತು, ಮರುದಿನ ಮಧ್ಯಾಹ್ನ ಎರಡಕ್ಕೆ ಅದೇ ಕಂತು ಮತ್ತೆ. ನನ್ನ ಮನೆಯಲ್ಲಿ ಸಂಜೆ ನೋಡುತ್ತಿದ್ದೆವು. ಖಾಲಾನ ಮನೆಯಲ್ಲಿ ಸಂಜೆ ಅಡುಗೆ ಮತ್ತು ನಮಾಜು. ಹಾಗಾಗಿ ಅವರದು ಮಧ್ಯಾಹ್ನದ್ದು. ಆದರೆ ಮಧ್ಯಾಹ್ನ ಮಗ್ಗ ನಿಲ್ಲಿಸುವಂತಿಲ್ಲ. ಅದಕ್ಕೆ ಟಿವಿಯನ್ನು ಜೋರಾಗಿ ಹಚ್ಚಿ, ಖಾಲಾ ಮತ್ತು ಸೊಸೆ ರೇಷ್ಮಾ ಒಳಗೆ ಹಲಗೆಯ ಮೇಲೆ ಕೂತು, ಬೆನ್ನ ಹಿಂದಿನಿಂದ ಬರುವುದನ್ನು ಕೇಳುತ್ತಿದ್ದರು. ಟಿವಿಯ ಮುಂದೆ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಎರಡರ ಹೊತ್ತಿಗೆ ನಾನು ಹೋಗಿ ಮಂಚದ ಮೇಲೆ ಕೂತೆ. ಒಳಗೆ ಅತ್ತೆಗೂ ಸೊಸೆಗೂ ಜೋರು ಚರ್ಚೆ ನಡೆದಿತ್ತು.

"ಮೆಕ್ಯಾನಿಕ್ ಮುಂಜಾನಿ ಆ ಬ್ಯಾನಿಬಿದ್ದ ಹುಡುಗಗ ತನ್ನ ಬಿಸ್ಕೀಟ್ ಕೊಟ್ಟಾನ್ರಿ ಅತ್ತಿ. ಅಂಥಾಂವ ಸಂಜೀಕ ಆ ಹುಡುಗನ ಅಪ್ಪಗ ಚಾಕು ತೋರಿಸ್ತಾನಂದ್ರ?"

"ಸಂಜೀಕ ಹಸಿವಿ ಆಗಿರತೈತಿ. ಹಗಲು ಒಂದು ಮನಷ್ಯಾ, ಹೊತ್ತು ಮುಳುಗಿದ್ರ ಮತ್ತೊಂದು ಮನಷ್ಯಾ. ನಮ್ಮ ಮಾವ ಹಂಗ ಇದ್ದ."

ನನಗೆ ತಲೆಬುಡ ತಿಳಿಯಲಿಲ್ಲ. ಬಿಸ್ಕೀಟು ಕೊಟ್ಟವನು ಮೆಕ್ಯಾನಿಕ್. ಚಾಕು ತೋರಿಸಿದವನು ಹಡಗಿನ ಸಾಮಾನು ಕಾಯುವವನು, ಗಡ್ಡದವನು, ಅವನೇ ಬೇರೆ. ಸ್ವಲ್ಪ ಹೊತ್ತು ಟಿವಿ ನೋಡಿದೆ. ಆಮೇಲೆ ಕಣ್ಣು ಮುಚ್ಚಿ ಕೇಳಿದೆ. ಆಗ ತಿಳಿಯಿತು. ಕನ್ನಡದಲ್ಲಿ ಮಾತು ಕೂಡಿಸುವಾಗ ಇಬ್ಬರಿಗೂ ಒಬ್ಬನೇ ಮಾತಾಡಿದ್ದ. ಟಿವಿ ನೋಡುವವರಿಗೆ ಅದು ಗಮನಕ್ಕೇ ಬರುವುದಿಲ್ಲ, ಮುಖ ಬೇರೆ ಇದೆಯಲ್ಲ. ಬೆನ್ನು ಹಾಕಿ ಕೂತವರಿಗೆ ಇಬ್ಬರೂ ಒಬ್ಬನೇ. ಇಡೀ ಒಂದು ತಿಂಗಳು ಆ ಅತ್ತೆ ಸೊಸೆ ಇಬ್ಬರೂ, ಇಲ್ಲವೇ ಇಲ್ಲದ ಒಬ್ಬ ಮನುಷ್ಯನ ಮನಸ್ಸನ್ನು ಬಿಡಿಸಿ ಬಿಡಿಸಿ ನೋಡಿದ್ದರು.

"ಖಾಲಾ, ಅವರು ಇಬ್ಬರು ಅದಾರ," ಎಂದೆ. "ಒಬ್ಬಂವ ಮೆಕ್ಯಾನಿಕ್. ಇನ್ನೊಬ್ಬಂವ ಗಡ್ಡದಾಂವ. ದನಿ ಅಷ್ಟ ಒಂದ."

ಪಂಜಾ ನಿಂತಿತು. ಎರಡೂ ನಿಂತವು. ಆಮೇಲೆ ರೇಷ್ಮಾ ಬಾಯಿಗೆ ಸೆರಗು ಒತ್ತಿಕೊಂಡು ನಗುವುದು ಕೇಳಿಸಿತು. ಖಾಲಾ ನಗಲಿಲ್ಲ.

"ಇಬ್ಬರನ್ನ ಮಾಡಿ ಕತಿ ಕೆಡಿಸ್ಯಾರ," ಎಂದರು. "ಒಬ್ಬನ ಆಗಿದ್ರ ಛಲೋ ಇರ್ತಿತ್ತು."

ಒಂದು ವಾರ ಅವರು ಅದನ್ನು ಒಪ್ಪಲಿಲ್ಲ. ಚಹಾಕ್ಕೆ ಹೊರಗೆ ಬಂದಾಗ ಟಿವಿಯಲ್ಲಿ ಗಡ್ಡದವನು ಕಂಡರೆ ಅವನತ್ತ ಅನುಮಾನದಿಂದ ನೋಡುತ್ತಿದ್ದರು, ಬಾಡಿಗೆಗೆ ಬಂದು ಮನೆ ತನ್ನದೆನ್ನುವವನನ್ನು ನೋಡಿದ ಹಾಗೆ. ಅಂದಿನಿಂದ ಆ ಮನೆಯಲ್ಲಿ ನನಗೊಂದು ಹೊಸ ಕೆಲಸ ಸಿಕ್ಕಿತು. ನಾನು ಹೋದ ದಿನ ಚಾದರದ ಆಚೆಯಿಂದ ಪ್ರಶ್ನೆಗಳು ಬರುತ್ತಿದ್ದವು. "ಸಾವ್ಕಾರ್ತಿ, ಈಗ ಮಾತಾಡಿದಾಂವ ಯಾವ?" "ಅಂವಾ ಯಾವ ಕಡೆ ನೋಡಾಕತ್ತಾನ?" ನಾನು ಹೇಳುತ್ತಿದ್ದೆ. ಆದರೆ ಯಾರು ಯಾಕೆ ಹಾಗೆ ಮಾಡಿದರು ಎಂಬುದನ್ನು ಮಾತ್ರ ಅವರು ನನ್ನಿಂದ ಕೇಳಲಿಲ್ಲ. ಅದನ್ನು ಅವರೇ ನನಗೆ ಹೇಳುತ್ತಿದ್ದರು.

ಅವರ ಕಿವಿಯ ಬಗ್ಗೆ ಇನ್ನೊಂದು ಹೇಳಬೇಕು. ರಮಜಾನಿನ ದಿನಗಳು. ಉಪವಾಸದಲ್ಲಿಯೂ ಮಗ್ಗ ನಡೆದಿತ್ತು. ಟಿವಿಯಲ್ಲಿ ದ್ವೀಪಕ್ಕೆ ಬಿದ್ದವರಲ್ಲಿ ಒಬ್ಬ ಮಾಸ್ತರ ಹನ್ನೊಂದು ದಿನದಿಂದ ಹೊಟ್ಟೆಗೆ ಏನೂ ಇಲ್ಲ ಎಂದು ದೊಡ್ಡ ಭಾಷಣ ಮಾಡುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಒಳಗಿನಿಂದ ಖಾಲಾ ಹೇಳಿದರು: "ಹನ್ನೊಂದು ದಿನ ಅಂತಾನ. ದನಿ ಕೇಳಿದ್ರ ಈಗ ಬಿರ್ಯಾನಿ ತಿಂದು ಕೈ ತೊಳಕೊಂಡು ಬಂದಂಗೈತಿ. ಉಪಾಸ ಇದ್ದವರು ಅಷ್ಟುದ್ದ ಮಾತಾಡೂದಿಲ್ಲವಾ. ನಮ್ಮ ರೇಷ್ಮಾನ ಕೇಳ್ರಿ, ಮುಂಜಾನಿಯಿಂದ ನಾಕು ಮಾತು ಆಡ್ಯಾಳೇನು?"

"ನೀವು ಆಡಾಕ ಬಿಟ್ರ ಆಡ್ತೀನ್ರಿ ಅತ್ತಿ," ಅಂದಳು ರೇಷ್ಮಾ.

ಆ ವರ್ಷದ ಬಕ್ರೀದಿಗೆ ಖಾಲಾನ ಮಗಳು ನಸೀಮಾ ತವರಿಗೆ ಬಂದಳು. ಗಂಡ ಪುಣೆಯ ಕಡೆ ಕೆಲಸಕ್ಕೆ ಹೋದವನು ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಿದ್ದ. ಅತ್ತೆಯ ಮನೆಯವರು, ಹಬ್ಬ ಮುಗಿಸಿಕೊಂಡು ಅಲ್ಲೇ ಇರು, ಅವನು ಬಂದ ಮೇಲೆ ಕರೆಯಲು ಬರುತ್ತೇವೆ ಎಂದಿದ್ದರಂತೆ. ಹಬ್ಬ ಮುಗಿದು ಜೋಳ ಬಿತ್ತಿದರು, ಜೋಳ ಕೊಯ್ದರು, ಯಾರೂ ಬರಲಿಲ್ಲ.

ಹೊರಗಿನ ಖೋಲಿಯ ಗೂಟಕ್ಕೆ ಅವಳ ಬ್ಯಾಗು ನೇತುಬಿದ್ದಿತ್ತು, ಬಟ್ಟೆ ತುಂಬಿದ್ದು. ಅವಳು ದಿನಾ ಅದರಿಂದಲೇ ಬಟ್ಟೆ ತೆಗೆದು, ಒಗೆದು, ಮಡಚಿ ಅದರಲ್ಲೇ ಇಡುತ್ತಿದ್ದಳು. ಟ್ರಂಕಿನಲ್ಲಿ ಜಾಗವಿತ್ತು. "ಟ್ರಂಕಿನ್ಯಾಗ ಇಟ್ಕೋಬಾರದೇನವಾ?" ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಅಮ್ಮ ಬ್ಯಾಡ ಅಂತಾಳ್ರಿ" ಅಂದಳು. ನಾನು ನನ್ನ ಮನಸ್ಸಿನಲ್ಲಿ ಅರ್ಥ ಮಾಡಿಕೊಂಡೆ: ಸೊಸೆಯ ಮನೆಯಲ್ಲಿ ಮಗಳು ಬೇರೂರಬಾರದು ಎಂದು ಮುದುಕಿಯ ಉಪಾಯ. ಮಂದಿಯ ಮನಸ್ಸು ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಆಗ ತಿಳಿದಿದ್ದೆ.

ನಸೀಮಾ ಸುಮ್ಮನೆ ಕೂರುವ ಹೆಣ್ಣಲ್ಲ. ಚಾದರದ ಈಚೆ, ಹೊಸ್ತಿಲ ಹತ್ತಿರ ಕೂತು ನೂಲಿನ ಉಂಡೆ ಸುತ್ತಿಕೊಡುತ್ತಿದ್ದಳು. ಅಷ್ಟೇ ಅವಳ ಪಾಲು. ಆ ಓಣಿಯ ಪದ್ಧತಿ ಹಾಗಿತ್ತು: ನೇಯುವುದನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಕೂಡ ಕೆಲಸವೂ ಹೋಗಿಬಿಡುತ್ತದೆ. ಪಗಡೆಯ ಎಣಿಕೆಯನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿರಲಿಲ್ಲ. ಖಾಲಾ ತಮ್ಮ ಅತ್ತೆಯಿಂದ ಕಲಿತದ್ದು, ರೇಷ್ಮಾ ಖಾಲಾನಿಂದ. ಮಗಳು ನೂಲು ಸುತ್ತಬಹುದು, ಬಣ್ಣ ಅದ್ದಬಹುದು, ಹಲಗೆಯ ಮೇಲೆ ಕೂರುವಂತಿಲ್ಲ.

ಹೊಸ್ತಿಲಲ್ಲಿ ಕೂತವಳಿಗೆ ಟಿವಿ ಎದುರಿಗೇ ಕಾಣುತ್ತಿತ್ತು. ಹಾಗಾಗಿ ಧಾರಾವಾಹಿಗೆ ಒಬ್ಬಳು ನೋಡುವವಳು ಬಂದಂತಾಯಿತು. ತಾಯಿ ಮಗಳ ಜಗಳ ಶುರುವಾದದ್ದು ಆಗ.

ದ್ವೀಪದಲ್ಲಿ ಅಡುಗೆ ಮಾಡುವ ಒಬ್ಬ ಮುದುಕಿ ಇದ್ದಳು. ಬಂಡೆಗಳ ನಡುವೆ ಸಿಹಿ ನೀರಿನ ಒಂದು ಸೆಲೆ ಅವಳಿಗೆ ಮಾತ್ರ ಗೊತ್ತು. ದಿನಕ್ಕೊಂದು ಕೊಡ ತಂದು, ಎಲೆಗಳ ಮೇಲಿನ ಇಬ್ಬನಿ ಕೂಡಿಸಿದ್ದು ಎಂದು ಸುಳ್ಳು ಹೇಳಿ ಎಲ್ಲರಿಗೂ ಗುಟುಕು ಗುಟುಕು ಕೊಡುತ್ತಿದ್ದಳು. ಒಬ್ಬಳು ಹರೆಯದ ನರ್ಸು ಅವಳ ಬೆನ್ನು ಹತ್ತಿದ್ದಳು. ನೀರಿನ ಜಾಗ ಎಲ್ಲರಿಗೂ ತೋರಿಸಬೇಕು ಎನ್ನುವುದು ನರ್ಸಿನ ಹಟ.

"ಮುದುಕಿ ಅಗದಿ ಕೆಟ್ಟಾಕಿ," ಎನ್ನುತ್ತಿದ್ದಳು ನಸೀಮಾ. "ಎಲ್ಲಾರೂ ತನ್ನ ಮುಂದ ಬೊಗಸಿ ಒಡ್ಡಬೇಕು. ಅದಕ್ಕ ಮುಚ್ಚಿಟ್ಟಾಳ."

"ದಿನಾ ಒಂದು ಕೊಡ ತರ್ತಾಳಲ್ಲ. ಒಬ್ಬರನ್ನರ ಸಾಯಾಕ ಬಿಟ್ಟಾಳೇನು?"

"ಸಾಯಾಕ ಬಿಟ್ಟಿಲ್ಲ. ಬದಕಾಕೂ ಬಿಟ್ಟಿಲ್ಲ."

"ನಿನ್ನ ನರ್ಸ್‌ಗ ಏನು ಗೊತ್ತೈತಿ? ತೋರಿಸಿದ ದಿನ ಆ ಗಡ್ಡದಾಂವ ಅಲ್ಲಿ ಚಾಪಿ ಹಾಸಿಕೊಂಡು ಮಕ್ಕೊಂತಾನ, ನಂದು ಅಂತಾನ."

"ಗಡ್ಡದಾಂವ ಮಕ್ಕೊಂಡ್ರ ಎಬ್ಬಸೂಣು. ಹದಿಮೂರು ಮಂದಿ ಇಲ್ಲೇನು?"

"ನನಗ ಇಬ್ಬರೂ ಬ್ಯಾಡ," ಎನ್ನುತ್ತಿದ್ದಳು ರೇಷ್ಮಾ. "ಮೆಕ್ಯಾನಿಕ್ ಒಬ್ಬಂವ ಮನಿ ಮುಟ್ಟಿದ್ರ ಸಾಕು."

ನಾನು ಆಗ ಮುದುಕಿಯ ಪರ. ಸರಕು ಒಬ್ಬರ ಕೈಯಲ್ಲೇ ಇದ್ದರೆ ಅದಕ್ಕೆ ಬೆಲೆ, ಎಲ್ಲರಿಗೂ ಸಿಕ್ಕರೆ ಯಾರೂ ಕೇಳುವುದಿಲ್ಲ ಎಂದು ನನ್ನ ವಾದ. ಖಾಲಾ ನನ್ನ ಬೆಂಬಲವನ್ನು ಒಪ್ಪುತ್ತಿರಲಿಲ್ಲ. "ನಿಮಗ ಬರೇ ಅಂಗಡಿ ಕಾಣತೈತಿ ಸಾವ್ಕಾರ್ತಿ" ಎಂದುಬಿಡುತ್ತಿದ್ದರು.

ಆಮೇಲೆ ರೇಷ್ಮಾ ಹೋದಳು. ಅವಳ ಗಂಡನಿಗೆ ಹುಬ್ಬಳ್ಳಿಯಲ್ಲಿ ಸಿಮೆಂಟಿನ ಅಂಗಡಿಯ ಗಾಡಿ ಓಡಿಸುವ ಕೆಲಸ ಸಿಕ್ಕಿತು. ಅಲ್ಲೇ ಖೋಲಿ ಮಾಡಿದರು. ಹಲಗೆಯ ಒಂದು ಬದಿ ಖಾಲಿಯಾಯಿತು. ಪಂಜಾದ ಸಪ್ಪಳ ಒಂದೇ ಆಯಿತು, ಅದೂ ನಿಧಾನವಾಗಿ, ನಡುನಡುವೆ ಕೆಮ್ಮಿಗೆ ನಿಲ್ಲುತ್ತ. ಒಬ್ಬರೇ ಕೂತರೆ ಸಣ್ಣ ಹಾಸು ನೇಯಬಹುದು, ಅಷ್ಟೇ. ಸರಿಯಾಗಿ ಆಗಲೇ ನನ್ನ ಕೈಗೆ ಒಂದು ದೊಡ್ಡ ಆರ್ಡರು ಬಂದಿತ್ತು: ಅಣ್ಣಿಗೇರಿಯ ಒಂದು ಮನೆಯವರಿಗೆ ಪಡಸಾಲೆ ತುಂಬುವ ಪಗಡೆ ಹಾಸು. ಎರಡು ಜೋಡಿ ಕೈ ಇಲ್ಲದೆ ಆಗುವ ಕೆಲಸವಲ್ಲ.

ನಾನು ಹೋಗಿ ಮಂಚದ ಮೇಲೆ ಕೂತು ನನ್ನ ಬುದ್ಧಿಯನ್ನೆಲ್ಲ ಬಿಚ್ಚಿದೆ. ನಸೀಮಾ ಹೊಸ್ತಿಲಲ್ಲೇ ನೂಲು ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

"ಖಾಲಾ, ಮಗಳು ಮನ್ಯಾಗ ಅದಾಳ, ಕೈ ಚುರುಕ ಐತಿ. ಹಲಗಿ ಮ್ಯಾಲ ಕುಂದರಸ್ರಿ."

"ಮಗಳಿಗೆ ಕಲಸೂ ಪದ್ಧತಿ ಇಲ್ಲ."

"ಪದ್ಧತಿ ಮಾಡಿದವರು ಈಗ ಬಂದು ನೇಯ್ದು ಕೊಡ್ತಾರೇನು? ನಾಳೆ ಆಕಿ ಕೈಯಾಗ ಒಂದು ಕೆಲಸ ಇದ್ರ ಯಾರ ಮುಂದೂ ಬೊಗಸಿ ಒಡ್ಡೂದಿಲ್ಲ. ನಾ ಕಣದ ಗಂಟು ಹೊತ್ತಾಗ ನಮ್ಮ ಮನ್ಯಾಗೂ ಪದ್ಧತಿ ಅಲ್ಲ ಅಂದಿದ್ರು."

ಠಪ್, ಠಪ್.

ಅವರ ಮೌನಕ್ಕೆ ನಾನು ಇಪ್ಪತ್ತು ವರ್ಷ ಸೋತಿದ್ದೆ. ಆ ದಿನ ಸೋಲಬಾರದು ಎಂದು ಹಟಕ್ಕೆ ಬಿದ್ದೆ. "ಆ ಅಡಿಗಿ ಮುದುಕಿಗೂ ನಿಮಗೂ ಏನು ಫರಕ್ ಐತ್ರಿ ಖಾಲಾ?" ಎಂದೆ. "ಆಕಿ ನೀರು ಮುಚ್ಚಿಟ್ಟಾಳ, ನೀವು ನೇಯೂದು ಮುಚ್ಚಿಟ್ಟೀರಿ. ಅದೂ ಹೊಟ್ಟಿಲೆ ಹುಟ್ಟಿದ ಮಗಳಿಗೆ."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನಸೀಮಾನ ಕೈಯಲ್ಲಿ ಉಂಡೆ ನಿಂತಿತು. ಒಳಗೂ ಪಂಜಾ ನಿಂತಿತು. ಖಾಲಾ ಮಾತಾಡಿದರು, ಸಿಟ್ಟಿನಿಂದಲ್ಲ.

"ನೀವಿಬ್ಬರೂ ಆ ಮುದುಕೀನ ತಪ್ಪು ತಿಳದೀರಿ. ಆಕಿ ಆಸೇಕ ಮುಚ್ಚಿಟ್ಟಿಲ್ಲ. ನೀರು ಸಿಕ್ಕಿತಂದ್ರ ಅವರು ಏನು ಮಾಡ್ತಾರ? ಅಲ್ಲೇ ಗುಡಸಲಾ ಹಾಕ್ಕೊಂತಾರ. ಒಲಿ ಹೂಡ್ತಾರ. ಗುಡ್ಡದ ಮ್ಯಾಲ ಬೆಂಕಿ ಹಚ್ಚೂದು ಬಿಡ್ತಾರ. ಆಮ್ಯಾಲ ಹಡಗ ಬಂದ್ರೂ ಇವರಿಲ್ಲೆ ಅದಾರಂತ ಅದಕ್ಕ ಹೆಂಗ ಗೊತ್ತಾಗಬೇಕು? ನೀರು ಇಲ್ಲಂದ್ರ ದಿನಾ ಸಮುದ್ರದ ಕಡೆ ನೋಡ್ತಾರ. ಅದಕ್ಕ ಮುಚ್ಚಿಟ್ಟಾಳ ಆಕಿ."

"ಎಲ್ಲೆಲ್ಲಿದೋ ಲೆಕ್ಕ ತಗೀತೀರಿ ಖಾಲಾ," ಎಂದು ನಾನು ನಕ್ಕೆ. "ಸೀರಿಯಲ್ ಬರದಾಂವಗೂ ಇಷ್ಟು ಹೊಳದಿರೂದಿಲ್ಲ."

ನಸೀಮಾ ನಗಲಿಲ್ಲ. ಎದ್ದು ಚಹಾ ಮಾಡಲು ಹೋದಳು. ಹೋಗುವಾಗ ಗೂಟದ ಮೇಲಿನ ತನ್ನ ಬ್ಯಾಗಿನ ಕಡೆ ಒಮ್ಮೆ ನೋಡಿದಳು.

ನನಗೆ ಹೊಳೆದದ್ದು ಬಸ್ಸಿನಲ್ಲಿ. ಕಿಟಕಿಯ ಆಚೆ ಕಪ್ಪು ಹೊಲ. ಮಗಳನ್ನು ಹಲಗೆಯ ಮೇಲೆ ಕೂರಿಸುವುದೆಂದರೆ, ಅವಳನ್ನು ಕರೆಯಲು ಇನ್ನು ಯಾರೂ ಬರುವುದಿಲ್ಲ ಎಂದು ತಾಯಿ ಒಪ್ಪಿಕೊಂಡಂತೆ. ಬಟ್ಟೆ ಟ್ರಂಕಿಗೆ ಹೋದರೆ ಹಡಗು ಬರುವುದಿಲ್ಲ. ಪದ್ಧತಿ ಎಂಬುದು ಹೊರಗಿನವರಿಗೆ ಹೇಳುವ ಮಾತು, ಎಲೆಯ ಮೇಲಿನ ಇಬ್ಬನಿ ಇದ್ದ ಹಾಗೆ. ಸರಕಿನ ಒಳಮೈ ನೋಡುತ್ತೇನೆಂದು ಮೆರೆಯುತ್ತಿದ್ದ ನಾನು ಒಂದು ವರ್ಷ ಆ ಬ್ಯಾಗಿನ ಕೆಳಗೇ ಕೂತು ಚಹಾ ಕುಡಿದಿದ್ದೆ. ಓದುವವರಿಗೆ ಇಲ್ಲಿ ಒಂದು ಬುದ್ಧಿಮಾತು ಹೇಳಬಹುದಿತ್ತು. ಆದರೆ ಈ ವಿಷಯದಲ್ಲಿ ನಾನು ಹೇಳುವ ಲಾಯಕ್ಕಿನವಳಲ್ಲ.

ಎರಡು ವಾರ ನಾನು ಅತ್ತ ಹೋಗಲಿಲ್ಲ. ನಾಚಿಕೆ. ಆರ್ಡರಿನ ಮನೆಯವರಿಗೆ ನೂಲು ಬಂದಿಲ್ಲ ಎಂದು ಹೇಳಿದೆ. ಮೂರನೆಯ ವಾರ ಹೋದೆ. ಓಣಿಯ ತುದಿಗೇ ಕೇಳಿಸಿತು: ಠಪ್ ಠಪ್, ಅದರ ಹಿಂದೆ ಇನ್ನೊಂದು, ತಡವರಿಸುವ ಠಪ್. ನನ್ನ ಚಪ್ಪಲಿಯ ಸಪ್ಪಳಕ್ಕೆ ಚಾದರ ಸರ್ರನೆ ಸರಿಯಿತು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಗೂಟದ ಮೇಲಿನ ಬ್ಯಾಗಿನಲ್ಲಿ ಈಗ ಕೆಂಪು, ಹಸಿರು ನೂಲಿನ ಉಂಡೆಗಳು ತುಂಬಿದ್ದವು.

ಚಹಾಕ್ಕೆ ಹೊರಗೆ ಬಂದಾಗ ಖಾಲಾ ತಾವಾಗಿಯೇ ಹೇಳಿದರು: "ನಾ ಏನೂ ಮಾಡ್ಲಿಲ್ಲವಾ. ಆಕಿ ತಾನಾಗೇ ಬಟ್ಟಿ ಎಲ್ಲಾ ತಗದು ಟ್ರಂಕಿನ್ಯಾಗ ಇಟ್ಲು. ಇಟ್ಟು ಬಂದು ಹಲಗಿ ಮ್ಯಾಲ ಕುಂತ್ಲು. ಅಮ್ಮಾ, ಸಮುದ್ರ ನೋಡಿದ್ದು ಸಾಕು ಅಂದ್ಲು." ಮಣಿಕಟ್ಟಿನಿಂದ ಸೆರಗು ಸರಿಪಡಿಸಿಕೊಂಡರು. "ಕೈ ಇನ್ನೂ ಹಗುರ ಐತಿ. ಅಂಚು ಸಡಿಲ ಬಿಡ್ತಾಳ. ನಿನ್ನೆ ಒಂದು ಗೇಣು ಬಿಚ್ಚಿಸೇನಿ."

ಬಿಚ್ಚಿಸಿದ್ದು ಒಂದು ಗೇಣಲ್ಲ, ಅರ್ಧ ಹಾಸು. ಮತ್ತೆ ಮತ್ತೆ ಬಿಚ್ಚಿಸಿ ಕೂರಿಸಿದರು. ಒಳಗಿನಿಂದ ಬೈಗುಳ ಕೇಳುತ್ತಿತ್ತು, ಹಿಂದೆಯೇ ಉರ್ದುವಿನಲ್ಲಿ ಎಣಿಕೆ. ಮೊದಲು ಹಳೆಯ ದನಿ, ಅದರ ಹಿಂದೆ ಎಳೆಯ ದನಿ. ಆರ್ಡರು ಎರಡು ತಿಂಗಳು ತಡವಾಯಿತು. ನೂಲು ಬಂದಿಲ್ಲ ಎಂದು ಎಷ್ಟು ದಿನ ಹೇಳುವುದು? ಕಡೆಗೆ ನಾನು ಆ ಮನೆಯವರಿಗೆ ಹೇಳಿದೆ, ಅವಸರ ಮಾಡಿದರೆ ನವಿಲು ಕಾಗೆ ಆಗುತ್ತದೆ, ನೋಡಿಕೊಳ್ಳಿ. ಸುಮ್ಮನಾದರು. ಹಾಸು ಬಂದ ದಿನ ಮಡಚಿ ಅಂಚು ಕೂಡಿಸಿ ನೋಡಿದೆ. ಒಂದು ಬದಿ ಎರಡೆಳೆಯಷ್ಟು ಸಡಿಲು. ಯಾರ ಬದಿ ಎಂದು ಬಗ್ಗಿ ನೋಡಿದೆ, ಅಲ್ಲಿನ ನವಿಲು ಖಾಲಾನ ಕೈಯದು, ಖಾಲಾನ ಬದಿ. ವಯಸ್ಸಾಗಿತ್ತು. ನಾನೂ ಅದನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಚೌಕಾಶಿ ಮಾಡದೆ ತಂದ ಹಾಸು ಅದೊಂದೇ.

ಧಾರಾವಾಹಿ ಹೇಗೆ ಮುಗಿಯಿತೆಂದು ಕೇಳುತ್ತೀರಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಹಡಗು ಬಂತು, ಎಲ್ಲರೂ ಹತ್ತಿ ಕೈ ಬೀಸಿದರು, ಮುಗಿಯಿತು. ಮೆಕ್ಯಾನಿಕ್ ಬದುಕಿದ, ರೇಷ್ಮಾ ಹುಬ್ಬಳ್ಳಿಯಿಂದ ಫೋನು ಮಾಡಿ ಸಂತೋಷಪಟ್ಟಳಂತೆ. ಮುದುಕಿ ನೀರನ್ನು ಯಾಕೆ ಮುಚ್ಚಿಟ್ಟಿದ್ದಳೆಂದು ಮಾತ್ರ ಹೇಳಲೇ ಇಲ್ಲ. ಖಾಲಾಗೆ ಬಹಳ ಸಿಟ್ಟು ಬಂತು.

"ವರ್ಷಾನಗಟ್ಟಲೆ ಕೇಳೇವಿ. ಯಾಕ ಅಂತ ಒಂದು ಮಾತು ಹೇಳಬಾರದೇನು?"

"ನೀ ಹೇಳೀದಿಯಲ್ಲಮ್ಮಾ," ಅಂದಳು ನಸೀಮಾ, ಹಲಗೆಯ ಮೇಲಿನಿಂದಲೇ. "ಅದ ಸಾಕು."

ಖಾಲಾ ತೀರಿಕೊಂಡ ಮೇಲೆ ನಾಲ್ವತ್ತು ದಿನ ಕಳೆದು ನಾನು ಮತ್ತೆ ಆ ಓಣಿಗೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಟಿವಿಯಲ್ಲಿ ಬೇರೊಂದು ನಡೆದಿತ್ತು. ಹಿಮದ ಬೆಟ್ಟದಲ್ಲಿ ಸಿಕ್ಕಿಬಿದ್ದವರದು. ಮುಂದೆ ಯಾರೂ ಇರಲಿಲ್ಲ. ನನ್ನ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ಚಾದರ ಸರ್ರನೆ ಸರಿದು ಬಾಗಿಲು ಮುಚ್ಚಿತು.

ಅಳುತ್ತ ಹೋದವಳಿಗೆ ನಗು ಬಂತು. "ನರ್ಸ್ ಬಾಯಿ," ಎಂದೆ, "ನೀರಿನ ಜಾಗಾ ಎಲ್ಲಾರಿಗೂ ತೋರಸಬೇಕು ಅಂತಿದ್ದಿ. ಈಗ ಯಾಕವಾ ಚಾದರ?"

"ತೋರಿಸ್ತೀನಿ ಬರ್ರಿ," ಎಂದು ಒಳಗಿನಿಂದ ದನಿ ಬಂತು. "ಹಲಗಿ ಮ್ಯಾಲ ಕುಂತು ನೇಯೂದಾದ್ರ ಬರ್ರಿ, ಜಾಗಾ ಖಾಲಿ ಐತಿ. ಕೊಳ್ಳಾಕ ಬಂದಿದ್ರ ಅಲ್ಲೇ ಮಂಚದ ಮ್ಯಾಲ ಕುಂದರ್ರಿ."

ಚಾದರದ ಕೆಳಗಿನಿಂದ ಒಂದು ಸಣ್ಣ ಪಗಡೆ ಹಾಸು ಹೊರಗೆ ಸರಿಯಿತು. ಮಡಚಿ ಅಂಚು ಕೂಡಿಸಿ ನೋಡಿದೆ. ಎಳೆಯ ಮೇಲೆ ಎಳೆ ಕೂತಿತ್ತು. ಬೇಕೆಂದೇ ಇನ್ನೊಮ್ಮೆ ಮಡಚಿ ನೋಡಿದೆ, ಏನಾದರೂ ಹುಳುಕು ಸಿಗುತ್ತದೇನೋ ಎಂದು. ಸಿಗಲಿಲ್ಲ. ರೇಟು ಎಷ್ಟು ಎಂದು ಕೇಳಿದೆ.

"ನೀವ ಹೇಳ್ರಿ."

ಹೇಳಿದೆ. ಒಳಗೆ ಠಪ್, ಠಪ್. ಈ ಸಲ ಏನಾದರಾಗಲಿ, ಬಾಯಿ ಬಿಡಬಾರದು ಎಂದು ಗಟ್ಟಿಯಾಗಿ ಕೂತೆ. ಹಿಮದ ಬೆಟ್ಟದಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಗೂಟದ ಮೇಲೆ ನೂಲಿನ ಬ್ಯಾಗು ಇತ್ತು. ಠಪ್, ಠಪ್, ಠಪ್.

ನಾನು ಇನ್ನಷ್ಟು ಸೇರಿಸಿ ಹೇಳಿದೆ.